ಮರೆತವರ ಮೌನ ಸಮ್ಮತಿಯಲ್ಲ

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಹಳೆಯ ಮಾತನ್ನು ಹೆಣ್ಣು ನೋಡುವ ಶಾಸ್ತ್ರದಲ್ಲಿ ತಮಾಷೆಗೆ ಬಳಸುತ್ತಿದ್ದೆವು. ಈಗ ಅದೇ ಒಂದು ವ್ಯಾಪಾರದ ಬಂಡವಾಳ. ಒಮ್ಮೆ ‘ಹೂಂ’ ಎಂದು ಒತ್ತಿದರೆ ಸಾಕು, ಮುಂದೆ ‘ಬೇಡ’ ಎನ್ನುವವರೆಗೆ ಖಾತೆಯಿಂದ ಹಣ ಹೋಗುತ್ತಲೇ ಇರುತ್ತದೆ: ಸಿನಿಮಾ ಆ್ಯಪ್, ಹಾಡಿನ ಆ್ಯಪ್, ಜ್ಯೋತಿಷ್ಯದ ಆ್ಯಪ್. ‘ಬೇಡ’ ಎನ್ನಬೇಕೆಂಬುದನ್ನೇ ಮರೆತವರ ಗತಿ ಏನು?

ಇದು ಮಹಾನಗರಗಳ ಪ್ರಶ್ನೆ ಮಾತ್ರವಲ್ಲ. ಶಿವಮೊಗ್ಗದ ವಿನೋಬನಗರದಂಥ ಬಡಾವಣೆಯಲ್ಲೂ ಪಿಂಚಣಿ ಖಾತೆ ಅಪ್ಪನದು, ಒಟಿಪಿ ಬರುವುದು ಅಪ್ಪನ ಮೊಬೈಲಿಗೆ, ಮಕ್ಕಳಿರುವುದು ಬೆಂಗಳೂರಲ್ಲೋ ಅಮೆರಿಕದಲ್ಲೋ. 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಅಧ್ಯಯನದ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ ಡಿಮೆನ್ಶಿಯಾದೊಂದಿಗೆ ಬದುಕುತ್ತಿದ್ದಾರೆ.

ನಿಯಮಗಳಿಲ್ಲವೇ? ಇವೆ. ಪ್ರತಿ ತಿಂಗಳು ತಾನಾಗಿ ಕಡಿತವಾಗುವ ಹಣಕ್ಕೆ 24 ಗಂಟೆ ಮೊದಲೇ ಸಂದೇಶ ಬರಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಕಡ್ಡಾಯವಾಗಿದೆ. 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ತಡೆಯಲು ಹೊರಟ 13 ‘ಡಾರ್ಕ್ ಪ್ಯಾಟರ್ನ್’ಗಳಲ್ಲಿ ಚಂದಾ ಬಲೆಯೂ ಒಂದು. ಆದರೆ ಇವೆಲ್ಲವೂ ಓದಿ, ನೆನಪಿಟ್ಟುಕೊಂಡು, ತೀರ್ಮಾನಿಸಬಲ್ಲ ಗ್ರಾಹಕರಿಗಾಗಿ ಬರೆದವು. ನೆನಪು ನಿಲ್ಲದವರಿಗೆ ಮುನ್ಸೂಚನೆ ಕಳಿಸುವುದೆಂದರೆ ಬೀಗ ಹಾಕಿದ ಮನೆಯ ಬಾಗಿಲಿಗೆ ನೋಟಿಸ್ ಅಂಟಿಸಿ ಹೋದಂತೆ.

‘ಮಕ್ಕಳು ನೋಡಿಕೊಳ್ಳಲಿ’ ಎನ್ನುತ್ತಾರೆ. ಯಾವ ಅಧಿಕಾರದಿಂದ? 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಅಧಿಕಾರ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಕೊಟ್ಟ ಅಧಿಕಾರವೂ ಕೊನೆಗೊಳ್ಳುತ್ತದೆ. ಯಾವ ದಿನಕ್ಕೆಂದು ಪವರ್ ಆಫ್ ಅಟಾರ್ನಿ ಬರೆಸಿಟ್ಟರೋ ಆ ದಿನವೇ ಅದು ರದ್ದಿ ಕಾಗದ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ನಾಮನಿರ್ದೇಶಿತ ಪ್ರತಿನಿಧಿ ಚಿಕಿತ್ಸೆಯ ಬಗ್ಗೆ ಮಾತಾಡಬಹುದು, ಪಾಸ್‌ಬುಕ್ಕಿನ ಬಗ್ಗೆ ಅಲ್ಲ. ಇನ್ನೂರು ರೂಪಾಯಿಯ ಚಂದಾ ನಿಲ್ಲಿಸಲು ಕೋರ್ಟು ಮೆಟ್ಟಿಲು ಹತ್ತಬೇಕೆ?

ಹಾಗಾಗಿ ನಮ್ಮ ಮನೆಗಳು ಕಂಡುಕೊಂಡಿರುವ ದಾರಿ ಸುಳ್ಳಿನದು. ಮಗ ಅಪ್ಪನ ಪಿನ್ ಬಾಯಿಪಾಠ ಮಾಡುತ್ತಾನೆ, ಕಸ್ಟಮರ್ ಕೇರ್‌ಗೆ ತಾನೇ ಅಪ್ಪನೆಂದು ಹೇಳುತ್ತಾನೆ. ಅಕ್ಕರೆಯಿಂದ ಲೆಕ್ಕ ನೋಡುವವನೂ ಖಾತೆ ದೋಚುವವನೂ ಒಂದೇ ಹಿತ್ತಲ ಬಾಗಿಲಿಂದ ಬರಬೇಕಾದ ವ್ಯವಸ್ಥೆಯಲ್ಲಿ ಅನುಕೂಲ ಆಗುವುದು ದೋಚುವವನಿಗೇ.

‘ಫೋನ್ ಕಿತ್ತಿಟ್ಟುಬಿಡಿ’ ಎಂಬ ಸಲಹೆ ಇನ್ನೂ ಕ್ರೂರ. ಮಕ್ಕಳ ಹೆಸರು ಮರೆತವರಿಗೂ ಹಳೆಯ ಚಿತ್ರಗೀತೆಯ ಸಾಲು ನಾಲಿಗೆಗೆ ಬರುವುದುಂಟು. ಹಾಡಿನ ಆ್ಯಪ್ ಇರಲಿ, ಜ್ಯೋತಿಷ್ಯದ್ದು ಹೋಗಲಿ. ಹೀಗೆ ಆರಿಸಲು ಆ ಮನುಷ್ಯರನ್ನು ಬಲ್ಲವರೇ ಬೇಕು, ಅವರಿಗೆ ಕಾನೂನಿನ ಬೆಂಬಲವೂ ಬೇಕು.

ನಾವು ಕೇಳಬೇಕಾದ್ದು ಎರಡೇ. ತಿಂಗಳುಗಟ್ಟಲೆ ಯಾರೂ ತೆರೆಯದ ಚಂದಾ ತಾನಾಗಿಯೇ ನಿಲ್ಲಲಿ. ಮುಂದುವರಿಸಲು ಕಂಪನಿಯೇ ಮತ್ತೆ ಒಪ್ಪಿಗೆ ಕೇಳಲಿ. ಎರಡನೆಯದು, ನೆನಪು ಹೋದ ಮೇಲೂ ಉಳಿಯುವ, ನೋಂದಾಯಿತ, ಲೆಕ್ಕ ಒಪ್ಪಿಸಬೇಕಾದ ಅಧಿಕಾರ ಪತ್ರ. ಇಂಗ್ಲೆಂಡಿನಲ್ಲಿ 2005ರ ಕಾಯ್ದೆ ಅಂಥದ್ದನ್ನು ಕೊಟ್ಟಿದೆ. ನಮ್ಮ ಬ್ಯಾಂಕುಗಳು ಸತ್ತ ಮೇಲೆ ಹಣ ಯಾರ ಕೈಗೆ ಎಂದು ನಾಮಿನಿಯ ಹೆಸರು ಕೇಳುತ್ತವೆ. ಬದುಕಿರುವಾಗಲೇ ನೆನಪು ಕೈಕೊಟ್ಟರೆ ಯಾರು ಎಂದು ಕೇಳುವುದಿಲ್ಲ.

ಈ ಬಡಾವಣೆಯ ಹೆಸರಿನಲ್ಲಿರುವ ವಿನೋಬಾ 1951ರಲ್ಲಿ ಊರೂರು ನಡೆದು ಭೂಮಿ ಬೇಡಿದರು. ಕೊಡುವವರನ್ನು ಎದುರಿಗೆ ಕೂರಿಸಿಕೊಂಡು, ಕೇಳಿ ಪಡೆದರು. ಕೊಡುತ್ತಿದ್ದೇನೆಂಬ ಅರಿವೇ ಇಲ್ಲದವರಿಂದ ತಿಂಗಳು ತಿಂಗಳು ಪಡೆಯುವುದನ್ನು ಕನ್ನಡದಲ್ಲಿ ಚಂದಾ ಎನ್ನುವುದಿಲ್ಲ.