ಹೆಸರಿಲ್ಲದ ಹೆಂಡತಿಯ ನಿಟ್ಟುಸಿರು

ಡ್ಯಾಫ್ನೆ ಡು ಮಾರಿಯೆಯ ‘ರೆಬೆಕಾ’ (1938) ಕಾದಂಬರಿಯನ್ನು ಯಾರಾದರೂ ಪ್ರೇಮಕಥೆ ಎಂದರೆ ನನಗೆ ಸಂಕಟವಾಗುತ್ತದೆ.

ಮ್ಯಾಂಡರ್ಲಿ ಬಂಗಲೆಗೆ ಬಂದ ಎರಡನೆಯ ಹೆಂಡತಿಗೆ ಕೊನೆತನಕ ಹೆಸರೇ ಇಲ್ಲ. ಸತ್ತ ಮೊದಲ ಹೆಂಡತಿ ರೆಬೆಕಾಳ ಹೆಸರೋ ಪುಸ್ತಕದ ಮುಖಪುಟದಲ್ಲಿ, ಮನೆ ನೋಡಿಕೊಳ್ಳುವ ಡ್ಯಾನ್ವರ್ಸ್ ಬಾಯಲ್ಲಿ, ಎಲ್ಲೆಲ್ಲೂ. ಮುಳುಗಿದ ದೋಣಿಯಲ್ಲಿ ರೆಬೆಕಾಳ ಹೆಣ ಸಿಕ್ಕಾಗ ಗಂಡ ಒಪ್ಪಿಕೊಳ್ಳುತ್ತಾನೆ: ಕೊಂದವನು ತಾನೇ. ಹೊಸ ಹೆಂಡತಿ ಓಡಿಹೋಗುವುದಿಲ್ಲ. ಅವನು ರೆಬೆಕಾಳನ್ನು ಪ್ರೀತಿಸಿಯೇ ಇರಲಿಲ್ಲವಲ್ಲ ಎಂದು ಹಗುರಾಗುತ್ತಾಳೆ!

ಮದುವೆಯಾದ ಹೊಸದರಲ್ಲಿ ಓದಿದಾಗ ನಾನೂ ಅವಳೊಂದಿಗೆ ನಿಟ್ಟುಸಿರು ಬಿಟ್ಟಿದ್ದೆ. ಮಗಳಿಗೆ ಗಂಡು ನೋಡುತ್ತಿರುವ ಈಗ ಆ ಪುಟದಲ್ಲಿ ಕೈ ನಡುಗುತ್ತದೆ.

ಹಿಚ್‌ಕಾಕ್‌ನ 1940ರ ‘ರೆಬೆಕಾ’ ಸಿನಿಮಾದಲ್ಲಿ, ಕೊಲೆಗಾರ ಶಿಕ್ಷೆ ತಪ್ಪಿಸಿಕೊಳ್ಳಬಾರದೆಂಬ ಹಾಲಿವುಡ್ ನಿಯಮಕ್ಕೆ ಮಣಿದು ಕೊಲೆಯನ್ನೇ ಆಕಸ್ಮಿಕವಾಗಿಸಿದರು. ಸಿನಿಮಾವನ್ನಷ್ಟೇ ನೋಡಿದವರು ಪುಸ್ತಕ ಓದಲೇಬೇಕು. ಅಲ್ಲಿ ಆ ಹೆಂಗಸಿನ ಸಮಾಧಾನಕ್ಕೆ ಯಾವ ನೆಪವೂ ಇಲ್ಲ.