ಪ್ರಾಗ್‌ನಲ್ಲೊಂದು ಅಗ್ಗದ ಹಾಸಿಗೆ

ಯುರೋಪಿಗೆ ಹೋಗಿಬಂದೆವೆಂದರೆ ನಮ್ಮವರು ಕೇಳುವ ಮೊದಲ ಪ್ರಶ್ನೆ, "ಯಾವ ಪ್ಯಾಕೇಜು?" ಎರಡನೆಯದು, "ಊಟಕ್ಕೆ ಏನು ಮಾಡಿದಿರಿ?" ಪ್ರಾಗ್ ನಗರದ ಹಾಸ್ಟೆಲೊಂದರಲ್ಲಿ ಆರು ರಾತ್ರಿ ಬಂಕ್ ಮಂಚಗಳ ಮೇಲೆ ಮಲಗಿದ್ದೆವು ಎಂದು ಉತ್ತರಿಸಿದ ಮೇಲೆ ಮೂರನೆಯ ಪ್ರಶ್ನೆ ಬರುವುದಿಲ್ಲ, ಸಣ್ಣದೊಂದು ಮೌನ ಬರುತ್ತದೆ. ನಲವತ್ತು ದಾಟಿದ ದಂಪತಿ, ಅದರಲ್ಲೂ ಕೇಂದ್ರ ಸರ್ಕಾರದ ನೌಕರಿಯ ಮನೆಯವರು, ಕಾಲೇಜು ಹುಡುಗರ ನಡುವೆ ಹೋಗಿ ಮಲಗುವುದೆಂದರೆ ಅದು ಜಿಪುಣತನವಿರಬೇಕು, ಇಲ್ಲವೇ ನಿರುಪಾಯವಿರಬೇಕು ಎಂಬ ಭಾವ ಆ ಮೌನದಲ್ಲಿದೆ. ಅದು ಎರಡೂ ಅಲ್ಲವೆಂದೂ, ಐತಿಹಾಸಿಕ ನಗರವೊಂದನ್ನು ಸಾಮಾನ್ಯ ವರಮಾನದವರು ನಿಧಾನವಾಗಿ, ಮರ್ಯಾದೆಯಿಂದ ಕಾಣಬಲ್ಲ ಮಾರ್ಗಗಳಲ್ಲಿ ಇದೊಂದೆಂದೂ ವಾದಿಸುವುದು ಈ ಬರಹದ ಉದ್ದೇಶ.

ಮೊದಲು ಲೆಕ್ಕಾಚಾರ ಮುಗಿಸಿಬಿಡೋಣ. ನಮ್ಮಂಥವರ ಪ್ರವಾಸ ರಿಯಾಯತಿ ದೇಶದ ಗಡಿಯಲ್ಲಿ ನಿಲ್ಲುತ್ತದೆ. ಹುಟ್ಟೂರಿಗೆ ಹೋಗಲು ಸರ್ಕಾರ ಟಿಕೆಟ್ ಕೊಡುತ್ತದೆ, ಅಂಡಮಾನಿಗೂ ಕೊಡುತ್ತದೆ. ಅದರಾಚೆ ಹೋಗುವುದಾದರೆ ಕಚೇರಿಯ ಅನುಮತಿ ಪಡೆದು ಸ್ವಂತ ಉಳಿತಾಯವನ್ನೇ ತೆಗೆಯಬೇಕು. ತಲೆಗೆ 90 ಯೂರೋ ವೀಸಾ ಶುಲ್ಕ, ಕನಿಷ್ಠ 30 ಸಾವಿರ ಯೂರೋ ಮೊತ್ತದ ವಿಮೆ, ವಿಮಾನದ ಟಿಕೆಟ್: ಇವುಗಳಲ್ಲಿ ಚೌಕಾಸಿಗೆ ಎಡೆಯಿಲ್ಲ. ಉಳಿಯುವುದು ವಸತಿಯೊಂದೇ. ಹಾಸ್ಟೆಲಿನ ಮುಂಗಡ ಕಾಯ್ದಿರಿಸುವಿಕೆಯನ್ನು ವೀಸಾದವರು ವಸತಿಯ ದಾಖಲೆಯೆಂದು ಒಪ್ಪುತ್ತಾರೆ. ನಾವು ಒಂದು ಹಾಸಿಗೆಗೆ ಒಂದು ರಾತ್ರಿಗೆ ಕೊಟ್ಟದ್ದು ಸುಮಾರು 600 ಕೊರುನಾ, ಎಂದರೆ ಎರಡು ಸಾವಿರ ರೂಪಾಯಿಗೆ ತುಸು ಮೇಲೆ. ಅದೇ ಬೀದಿಯ ಸಾಧಾರಣ ಹೋಟೆಲಿನಲ್ಲಿ ಎರಡು ರಾತ್ರಿಗೆ ಕೈಬಿಡುತ್ತಿದ್ದ ಹಣದಲ್ಲಿ ನಾವಿಬ್ಬರೂ ಆರು ರಾತ್ರಿ ಕಳೆದೆವು. ಅಗ್ಗದ ಹಾಸಿಗೆಯಿಂದ ನಮಗೆ ಸಿಕ್ಕ ಲಾಭವನ್ನು ದಿನಗಳಲ್ಲಿ ಎಣಿಸಬೇಕು.

ಯುರೋಪನ್ನು ನೋಡುವ ಹಕ್ಕು ಯಾರದು ಎಂಬ ಪ್ರಶ್ನೆಗೆ ಯುರೋಪಿನಲ್ಲೇ ದೀರ್ಘ ಇತಿಹಾಸವಿದೆ. ಹದಿನೆಂಟನೆಯ ಶತಮಾನದಲ್ಲಿ ಆಂಗ್ಲ ಶ್ರೀಮಂತರ ಮಕ್ಕಳು ಬೋಧಕರನ್ನೂ ಸೇವಕರನ್ನೂ ಕಟ್ಟಿಕೊಂಡು ಪ್ಯಾರಿಸ್, ವೆನಿಸ್, ರೋಮ್‌ಗಳನ್ನು ತಿಂಗಳುಗಟ್ಟಲೆ ಸುತ್ತುತ್ತಿದ್ದರು. 'ಗ್ರ್ಯಾಂಡ್ ಟೂರ್' ಎಂದು ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳೆಲ್ಲ ಓದುವ ಆ ಯಾತ್ರೆ ಜಮೀನ್ದಾರರ ಸ್ವತ್ತಾಗಿತ್ತು. 1841ರ ಜುಲೈಯಲ್ಲಿ ಥಾಮಸ್ ಕುಕ್ ಲೆಸ್ಟರ್‌ನಿಂದ ಲಫ್‌ಬರೋಗೆ ತಲೆಗೆ ಒಂದು ಶಿಲಿಂಗ್ ದರದಲ್ಲಿ ಸುಮಾರು ಐನೂರು ಜನರನ್ನು ರೈಲಿನಲ್ಲಿ ಕರೆದೊಯ್ದ ಮೇಲೆ ಪ್ರವಾಸವೆಂಬುದು ಮಧ್ಯಮವರ್ಗಕ್ಕೆ ಇಳಿದುಬಂತು. ನಮ್ಮವರು ಇಂದು ಹಿಡಿಯುವ ಪ್ಯಾಕೇಜು ಆ ರೈಲಿನ ದೂರದ ಸಂತಾನ. ಮೂರನೆಯ ಹೆಜ್ಜೆ ಇಟ್ಟವನು ಜರ್ಮನಿಯ ಒಬ್ಬ ಶಾಲಾಮಾಸ್ತರ, ರಿಚರ್ಡ್ ಶಿರ್ಮನ್. 1909ರ ಆಗಸ್ಟ್ ತಿಂಗಳಲ್ಲಿ ವಿದ್ಯಾರ್ಥಿಗಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಿದ್ದ ಆತ ಗುಡುಗು ಮಳೆಗೆ ಸಿಕ್ಕಿ, ಹಳ್ಳಿಯ ಶಾಲೆಯೊಂದರಲ್ಲಿ ಹುಲ್ಲು ಹಾಸಿ ಮಕ್ಕಳನ್ನು ಮಲಗಿಸಿದ. ರಜೆಯಲ್ಲಿ ಬರಿದಾಗಿ ಬಿದ್ದಿರುವ ಶಾಲೆಗಳೆಲ್ಲ, ಒಂದೊಂದು ದಿನದ ನಡಿಗೆಯ ದೂರದಲ್ಲಿ, ಬಡಮಕ್ಕಳ ತಂಗುದಾಣಗಳಾಗಬಾರದೇಕೆ ಎಂಬ ಯೋಚನೆ ಆತನಿಗೆ ಹೊಳೆದದ್ದು ಆ ರಾತ್ರಿ. ಕಾರ್ಖಾನೆಯ ಹೊಗೆಯಲ್ಲಿ ಬೆಳೆಯುವ ಮಕ್ಕಳು ತಮ್ಮ ನಾಡಿನ ಕಾಡು, ಹೊಳೆ, ಕೋಟೆಗಳನ್ನು ಕಾಣಬೇಕೆಂಬುದು ಆತನ ಹಂಬಲ. 1912ರಲ್ಲಿ ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯೊಳಗೆ ಜಗತ್ತಿನ ಮೊದಲ ಯೂತ್ ಹಾಸ್ಟೆಲ್ ತಲೆಯೆತ್ತಿತು. ಸರದಾರರ ಕೋಟೆಯಲ್ಲಿ ಕೂಲಿಕಾರರ ಮಕ್ಕಳಿಗೆ ಹಾಸಿಗೆ ಸಿಕ್ಕಿತು ಎಂಬಲ್ಲಿಯೇ ಆ ಚಳವಳಿಯ ತಿರುಳಿದೆ.

ಆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಶಿರ್ಮನ್ ವೋಷ್ ಪರ್ವತಗಳ ರಣರಂಗದಲ್ಲಿದ್ದ. 1915ರ ಕ್ರಿಸ್‌ಮಸ್ಸಿನಲ್ಲಿ ಅಲ್ಲಿಯ ಜರ್ಮನ್ ಮತ್ತು ಫ್ರೆಂಚ್ ಸಿಪಾಯಿಗಳು ತಮ್ಮಷ್ಟಕ್ಕೆ ಗುಂಡು ಹಾರಿಸುವುದನ್ನು ನಿಲ್ಲಿಸಿ, ರೊಟ್ಟಿ, ಬಿಸ್ಕತ್ತು, ವೈನ್‌ಗಳನ್ನು ವಿನಿಮಯ ಮಾಡಿಕೊಂಡ ಸಂಗತಿಯನ್ನು ಆತ ದಾಖಲಿಸಿದ್ದಾನೆ. ಎಲ್ಲ ದೇಶಗಳ ವಿಚಾರವಂತ ಯುವಕರಿಗೆ ಪರಸ್ಪರ ಭೇಟಿಯಾಗುವ ತಾಣಗಳು ಸಿಕ್ಕಿದರೆ ಏನಾದೀತು ಎಂದು ಆಗ ಆತ ಯೋಚಿಸಿದನಂತೆ. 1932ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಹಾಸ್ಟೆಲುಗಳ ಅಂತಾರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಮರುವರ್ಷವೇ ನಾಝಿ ಸರ್ಕಾರ ಜರ್ಮನಿಯ ಹಾಸ್ಟೆಲುಗಳನ್ನು ಹಿಟ್ಲರ್ ಯುವಪಡೆಯ ಕೈಗಿತ್ತಿತು. 1936ರಲ್ಲಿ ಒಕ್ಕೂಟದ ಅಧ್ಯಕ್ಷ ಸ್ಥಾನವನ್ನೂ ಶಿರ್ಮನ್ ಬಿಡಬೇಕಾಯಿತು. ಮಾಸ್ತರನೊಬ್ಬನ ಅಗ್ಗದ ಹಾಸಿಗೆಗಳ ಮೇಲೆ ಸರ್ವಾಧಿಕಾರಿಯ ಕಣ್ಣು ಬಿದ್ದಿತೆಂದರೆ ಅಪರಿಚಿತರು ಒಂದೆಡೆ ಮಲಗುವ ವಿಚಾರ ಅಷ್ಟು ಸಣ್ಣದಲ್ಲವೆಂದಾಯಿತು.

ನಾವು ತಂಗಿದ್ದ ಹಾಸ್ಟೆಲು ಆ ಒಕ್ಕೂಟದ್ದಲ್ಲ. ಲಾಭಕ್ಕಾಗಿ ನಡೆಯುವ ಖಾಸಗಿ ವಸತಿ. ಆದರೂ ಮಾಸ್ತರನ ಶಿಸ್ತು ಅಲ್ಲಿ ಪೂರ್ತಿ ಅಳಿದಿಲ್ಲ. ಹಾಸಿಗೆಯ ಹೊದಿಕೆಯನ್ನು ನೀವೇ ಹಾಸಿಕೊಳ್ಳಬೇಕು, ಹೊರಡುವ ದಿನ ನೀವೇ ತೆಗೆದು ಬುಟ್ಟಿಗೆ ಹಾಕಬೇಕು. ಪೆಟ್ಟಿಗೆಯಿಡಲು ಕಪಾಟಿದೆ, ಬೀಗ ನಿಮ್ಮದು. ಟವೆಲಿಗೆ ಪ್ರತ್ಯೇಕ ಬಾಡಿಗೆ. ಅಡುಗೆಮನೆ ಎಲ್ಲರದು, ಫ್ರಿಜ್ಜಿನಲ್ಲಿಡುವ ಪೊಟ್ಟಣದ ಮೇಲೆ ಹೆಸರು, ಹೊರಡುವ ದಿನಾಂಕ ಬರೆಯಬೇಕು, ಹೊರಟುಹೋದವರು ಬಿಟ್ಟ ಅಕ್ಕಿ, ಎಣ್ಣೆ, ಉಪ್ಪು ಒಂದು ಗೂಡಿನಲ್ಲಿರುತ್ತವೆ, ಯಾರೂ ಬಳಸಬಹುದು. ತಿಂದ ತಟ್ಟೆಯನ್ನು ತಾವೇ ತೊಳೆದಿಡಬೇಕು. ಕಚೇರಿಯಲ್ಲಿ ನೀರಿನ ಲೋಟವನ್ನೂ ಇನ್ನೊಬ್ಬರು ತಂದಿಡುವ ವ್ಯವಸ್ಥೆಗೆ ಒಗ್ಗಿದವರಿಗೆ ಇದು ಒಳ್ಳೆಯ ಪಾಠ. ನಮ್ಮ ಸರ್ಕಾರಿ ಅತಿಥಿಗೃಹಗಳಲ್ಲಿ ಯಾವ ವೇತನ ಶ್ರೇಣಿಯವರಿಗೆ ಯಾವ ಬಗೆಯ ಕೋಣೆ ಎಂಬುದಕ್ಕೆ ನಿಯಮಾವಳಿಯೇ ಇದೆ. ಹಾಸ್ಟೆಲಿನ ಕೌಂಟರಿನಲ್ಲಿ ಪಾಸ್‌ಪೋರ್ಟ್ ಬಿಟ್ಟರೆ ಮತ್ತೇನನ್ನೂ ಕೇಳಲಿಲ್ಲ. ಮೇಲಿನ ಮಂಚವೋ ಕೆಳಗಿನದೋ ಎಂಬುದಷ್ಟೇ ಅಲ್ಲಿಯ ಶ್ರೇಣಿ, ಅದೂ ಮೊದಲು ಬಂದವರ ಪಾಲಿಗೆ.

ಇನ್ನು ದಿನಗಳ ಲಾಭದ ಮಾತು. ಪ್ಯಾಕೇಜಿನ ಬಸ್ಸುಗಳು ಹೊರವಲಯದ ಹೋಟೆಲಿನಿಂದ ಹೊರಟು ಹತ್ತು ಗಂಟೆಯ ಹೊತ್ತಿಗೆ ಹಳೆಯ ಪೇಟೆಯ ಚೌಕವನ್ನು ಮುಟ್ಟುತ್ತವೆ. 1410ರ ಖಗೋಳ ಗಡಿಯಾರದ ಕಿಟಕಿಗಳಲ್ಲಿ ಗಂಟೆಗೊಮ್ಮೆ ಸಾಗುವ ಹನ್ನೆರಡು ಅಪೊಸ್ತಲರ ಗೊಂಬೆಗಳನ್ನು ನೂರಾರು ಮೊಬೈಲುಗಳ ನಡುವಿನಿಂದ ನೋಡಿ, ಚಾರ್ಲ್ಸ್ ಸೇತುವೆಯ ಮೇಲೆ ಭುಜಕ್ಕೆ ಭುಜ ತಾಗಿಸುತ್ತ ನಡೆದು, ಭಾರತೀಯ ಊಟ ಮುಗಿಸಿ, ಸಂಜೆಗೆ ವಿಯೆನ್ನಾದ ದಾರಿ ಹಿಡಿಯುವುದು ವಾಡಿಕೆ. ಪೇಟೆಯೊಳಗೇ ಮಲಗುವವರಿಗೆ ಬೆಳಗಿನ ಐದೂವರೆಯ ಸೇತುವೆ ಸಿಗುತ್ತದೆ. 1357ರಲ್ಲಿ ಅಡಿಗಲ್ಲು ಬಿದ್ದ, ಅರ್ಧ ಕಿಲೋಮೀಟರು ಉದ್ದದ ಆ ಕಲ್ಲುಸೇತುವೆಯ ಮೇಲೆ ಆ ಹೊತ್ತಿನಲ್ಲಿ ಕೆಲಸಕ್ಕೆ ಹೋಗುವ ನಾಲ್ಕಾರು ಜನ, ವಲ್ತಾವಾ ನದಿಯ ಹಂಸಗಳು, ಇಕ್ಕೆಲದ ಮೂವತ್ತು ಶಿಲ್ಪಗಳು ಮಾತ್ರ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು ಸ್ಥಳ. ಪಿಂಕಸ್ ಸಿನಗಾಗಿನ ಒಳಗೋಡೆಗಳ ಮೇಲೆ ನಾಝಿಗಳು ಕೊಂದ ಬೊಹೀಮಿಯಾ ಮತ್ತು ಮೊರಾವಿಯಾ ಪ್ರಾಂತ್ಯಗಳ ಸುಮಾರು 78 ಸಾವಿರ ಯಹೂದಿಗಳ ಹೆಸರುಗಳನ್ನು ಕೈಯಲ್ಲಿ ಬರೆಯಲಾಗಿದೆ. ಹೆಸರು, ಹುಟ್ಟಿದ ದಿನ, ಕೊನೆಯದಾಗಿ ತಿಳಿದುಬಂದ ದಿನ. ಅದನ್ನು ಇಪ್ಪತ್ತು ನಿಮಿಷದಲ್ಲಿ ನೋಡಿ ಹೊರಬರಲಾಗದು. ನಾವು ಎರಡು ದಿನ ಹೋದೆವು. ಮೊದಲ ದಿನ ಒಂದು ಗೋಡೆಯ ಮುಂದೆ ನಿಂತದ್ದರಲ್ಲೇ ಹೊತ್ತು ಸರಿದಿತ್ತು. ಎರಡನೆಯ ದಿನವೆಂಬುದು ನಮಗೆ ದೊರೆತದ್ದು ಬಂಕ್ ಮಂಚದ ದಯೆಯಿಂದ.

ಹಾಸ್ಟೆಲಿನಲ್ಲಿರುವವರೆಲ್ಲ ಪ್ರವಾಸಿಗಳೆಂದು ತಿಳಿಯಬೇಕಾಗಿಲ್ಲ. ನಮ್ಮಲ್ಲೊಬ್ಬರಿಗೆ ಮಹಿಳೆಯರ ಕೋಣೆಯಲ್ಲಿ ಜಾಗ ಸಿಕ್ಕಿತ್ತು. ಅಲ್ಲಿ ಪಕ್ಕದ ಮಂಚದಲ್ಲಿದ್ದಾಕೆ ಯುಕ್ರೇನಿನ ಖಾರ್ಕಿವ್‌ನಿಂದ ಬಂದವರು, ಐವತ್ತರ ಆಸುಪಾಸು. ಬಾಡಿಗೆ ಮನೆ ಸಿಗುವ ತನಕ ಐದು ವಾರದಿಂದ ಅದೇ ಮಂಚದಲ್ಲಿದ್ದರು. ಊರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದವರು ಇಲ್ಲಿ ಬೇಕರಿಯೊಂದರಲ್ಲಿ ರಾತ್ರಿ ಪಾಳಿಯ ಕೆಲಸ ಹಿಡಿದಿದ್ದರು. ನಾವು ಸೇತುವೆ ನೋಡಲು ಏಳುವ ಹೊತ್ತಿಗೆ ಆಕೆ ಮಲಗಲು ಬರುತ್ತಿದ್ದರು. ಚೆಕ್ ಭಾಷೆ ಕಷ್ಟವಾಗಲಿಲ್ಲವೇ ಎಂದು ಕೇಳಿದ್ದಕ್ಕೆ, ಅರ್ಧ ಮೊದಲ ದಿನವೇ ತಿಳಿಯಿತು, ಇನ್ನರ್ಧ ಈ ಜನ್ಮಕ್ಕೆ ಸಾಲದು ಎಂಬರ್ಥದ ಮಾತು ಹೇಳಿ ನಕ್ಕರು. ಎರಡೂ ಸ್ಲಾವಿಕ್ ಕುಟುಂಬದ ಭಾಷೆಗಳು, ಲಿಪಿ ಬೇರೆ. ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಮನೆ ಮಾಡಿದ ಕನ್ನಡಿಗರಿಗೆ ಆ ನಗುವಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸವಿಷ್ಟೇ: ನಾವು ವರ್ಗಾವಣೆಯ ಆದೇಶ ಹಿಡಿದು ಊರು ಬಿಟ್ಟವರು, ಆಕೆ ಬಾಂಬಿಗೆ ಬೆದರಿ ಬಿಟ್ಟವರು. ಒಂದೇ ದರದ ಒಂದೇ ಬಗೆಯ ಎರಡು ಮಂಚಗಳಲ್ಲಿ ಒಂದು ರಜೆಯದು, ಇನ್ನೊಂದು ನೆಲೆಯಿಲ್ಲದ್ದು. ಹೋಟೆಲಿನ ಮುಚ್ಚಿದ ಬಾಗಿಲಿನ ಹಿಂದೆ ಮಲಗಿದ್ದರೆ ಪ್ರಾಗ್‌ನ ಗೋಪುರಗಳನ್ನು ನಾವು ಕಾಣುತ್ತಿದ್ದೆವು, ಇಂದಿನ ಯುರೋಪನ್ನು ಕಾಣುತ್ತಿರಲಿಲ್ಲ.

ಭಾಷಾಕುಟುಂಬಗಳ ಮಾತು ಬಂದದ್ದರಿಂದ ನೆನಪಿಸಬೇಕಾದ ಹೆಸರೊಂದಿದೆ. ದ್ರಾವಿಡ ಭಾಷೆಗಳ ಧ್ವನಿವ್ಯವಸ್ಥೆಯ ತೌಲನಿಕ ಅಧ್ಯಯನ ಮಾಡಿದ, ನೀಲಗಿರಿಯ ಇರುಳ ಭಾಷೆಯನ್ನು ಮೂರು ಸಂಪುಟಗಳಲ್ಲಿ ವಿವರಿಸಿದ ಕಮಿಲ್ ಜ್ವೆಲೆಬಿಲ್ ಪ್ರಾಗ್‌ನವರು. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಈ ನಗರವನ್ನು ಹೊಕ್ಕ ಮೇಲೆ ಅವರೂ ದೇಶ ಬಿಟ್ಟರು. ನಮ್ಮ ಭಾಷೆಗಳ ಬಂಧುತ್ವವನ್ನು ಬಲ್ಲ ವಿದ್ವಾಂಸರೊಬ್ಬರು ಬಿಟ್ಟುಹೋಗಬೇಕಾಗಿ ಬಂದ ಊರಿನಲ್ಲಿಯೇ, ಭಾಷೆಯ ಬಂಧುತ್ವವನ್ನು ನಂಬಿ ಬದುಕು ಕಟ್ಟಲು ಬಂದವರನ್ನು ನಾವು ಕಂಡದ್ದು ಕಾಕತಾಳೀಯವಿರಬಹುದು. ಆದರೆ ಆ ಊರಿಗೂ ನಮಗೂ ಸಂಬಂಧವೇ ಇಲ್ಲವೆಂದುಕೊಂಡು ಬಸ್ಸಿಳಿಯುವವರಿಗೆ ಇಂಥ ಎಳೆಗಳು ಸಿಗುವುದು ಕಷ್ಟ.

ಆಕ್ಷೇಪಗಳಿಲ್ಲದಿಲ್ಲ. ಗೊರಕೆ ಇದೆ, ನಡುರಾತ್ರಿ ಪ್ಲಾಸ್ಟಿಕ್ ಚೀಲ ಕೆದಕುವವರಿದ್ದಾರೆ, ಸ್ನಾನದ ಮನೆಗೆ ಸರದಿ ಕಾಯಬೇಕು. ಚಿಕ್ಕ ಮಕ್ಕಳನ್ನು ಸಾಮಾನ್ಯವಾಗಿ ಸಾಮೂಹಿಕ ಕೋಣೆಗೆ ಸೇರಿಸುವುದಿಲ್ಲ, ಕುಟುಂಬದವರು ಅದೇ ಹಾಸ್ಟೆಲಿನ ಪ್ರತ್ಯೇಕ ಕೋಣೆ ಹಿಡಿಯಬೇಕು. ಮೊಣಕಾಲು ನೋವಿನವರಿಗೆ ಮೇಲಿನ ಮಂಚವನ್ನು ನಾವು ಶಿಫಾರಸು ಮಾಡಲಾರೆವು. ಆದರೆ ಅಪರಿಚಿತರ ನಡುವೆ ಮಲಗುವುದು ಹೇಗೆ ಎಂಬ ಪ್ರಶ್ನೆಯನ್ನು ಹೊರನಾಡ ಕನ್ನಡಿಗರು ಕೇಳಬಾರದು. ದೆಹಲಿಯಿಂದ ಬೆಂಗಳೂರಿಗೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎಪ್ಪತ್ತೆರಡು ಬರ್ತುಗಳ ಬೋಗಿಯಲ್ಲಿ ಎರಡು ರಾತ್ರಿ ನಿದ್ದೆ ಮಾಡಿ, ಬುತ್ತಿ ಹಂಚಿಕೊಂಡು ಬಂದವರಲ್ಲವೇ ನಾವು? ಅಲ್ಲಿ ಹೋಗದ ಮಾನ ಇಲ್ಲಿ ಏಕೆ ಹೋಗಬೇಕು?

ಇನ್ನೊಂದು ಆಕ್ಷೇಪ ಗಂಭೀರವಾದದ್ದು. ಅಗ್ಗದ ಹಾಸಿಗೆ, ಅಗ್ಗದ ವಿಮಾನ, ಅಗ್ಗದ ಬಿಯರುಗಳು ಸೇರಿ ಪ್ರಾಗ್‌ನಂಥ ಊರುಗಳನ್ನು ಹಾಳುಗೆಡವುತ್ತಿವೆ ಎಂದು ಅಲ್ಲಿಯವರೇ ದೂರುತ್ತಾರೆ. ರಾತ್ರಿ ಗುಂಪುಗೂಡಿ ಪಬ್ಬಿನಿಂದ ಪಬ್ಬಿಗೆ ಮೆರವಣಿಗೆ ಹೊರಡಿಸುವ ವ್ಯಾಪಾರವನ್ನು 2024ರಲ್ಲಿ ನಗರಾಡಳಿತ ನಿಷೇಧಿಸಿತು. ನಿದ್ದೆಗೆಟ್ಟ ನಿವಾಸಿಗಳ ಪಕ್ಷದಲ್ಲಿ ನಿಂತು ನೋಡಿದರೆ ಅದು ಸರಿಯೇ. ಆದರೆ ಹಳೆಯ ಪೇಟೆಯ ನಿವಾಸಿಗಳನ್ನು ಹೊರದೂಡುತ್ತಿರುವುದರಲ್ಲಿ ಸಂಸಾರಗಳು ಬಾಳಬೇಕಾದ ಫ್ಲಾಟುಗಳನ್ನು ದಿನದ ಬಾಡಿಗೆಗೆ ಕೊಡುವ ಪದ್ಧತಿಯ ಪಾಲು ದೊಡ್ಡದು. ಅರವತ್ತು ಜನ ಒಂದೇ ಕಟ್ಟಡದಲ್ಲಿ ಮಲಗಿದರೆ ಒಂದು ಕಟ್ಟಡ ಹೋಗುತ್ತದೆ; ಅದೇ ಅರವತ್ತು ಜನ ಇಬ್ಬಿಬ್ಬರಂತೆ ಫ್ಲಾಟು ಹಿಡಿದರೆ ಮೂವತ್ತು ಸಂಸಾರಗಳ ಸೂರು ಹೋಗುತ್ತದೆ. ಪ್ರವಾಸಿಗಳನ್ನು ಕಡಿಮೆ ಮಾಡಲು ಬೆಲೆಯನ್ನೇ ಜರಡಿಯಾಗಿ ಬಳಸಿದರೆ ಊರು ಉಳಿಯುವ ಭರವಸೆಯಿಲ್ಲ. ಅದು ಮತ್ತೆ ಗ್ರ್ಯಾಂಡ್ ಟೂರಿನವರ ಕೈಸೇರುತ್ತದೆ, ಅಷ್ಟೇ. ನಿಯಂತ್ರಿಸಬೇಕಾದದ್ದು ನಡತೆಯನ್ನು.

ದಾರಿಹೋಕರಿಗೆ ಸೂರು ಕೊಡುವುದು ನಮಗೆ ಹೊಸದಲ್ಲ. ಅರವಟ್ಟಿಗೆ, ಛತ್ರ, ಧರ್ಮಶಾಲೆಗಳನ್ನು ಕಟ್ಟಿಸಿದ ಪುಣ್ಯವಂತರ ಹೆಸರುಗಳು ನಮ್ಮ ಶಾಸನಗಳಲ್ಲಿವೆ. ಆದರೆ ಬಹಳಷ್ಟು ಛತ್ರಗಳ ಬಾಗಿಲು ಜಾತಿ ಕೇಳಿಯೇ ತೆರೆಯುತ್ತಿತ್ತು ಎಂಬುದನ್ನೂ ಮರೆಯಲಾಗದು. ಹೊಸ ಊರಿನಲ್ಲಿ ಮನೆ ಹುಡುಕಿದವರಿಗೆ ಆ ಪ್ರಶ್ನೆ ಇಂದಿಗೂ ಅಪರಿಚಿತವಲ್ಲ. ಭಾರತದ ಯೂತ್ ಹಾಸ್ಟೆಲ್ ಸಂಘಟನೆ 1949ರಲ್ಲಿ ಬೇರುಬಿಟ್ಟದ್ದು ಮೈಸೂರಿನಲ್ಲಿ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತೇ ಇಲ್ಲ. ಜಾತಿ ಕೇಳದ, ಹುದ್ದೆ ಕೇಳದ, ಚೊಕ್ಕಟವಾದ ಅಗ್ಗದ ಹಾಸಿಗೆ ಹಂಪಿಯಲ್ಲಿ, ಬಾದಾಮಿಯಲ್ಲಿ, ವಿಜಯಪುರದಲ್ಲಿ ಧಾರಾಳವಾಗಿ ಸಿಗುವಂತಾದರೆ ಎಷ್ಟು ಶಾಲಾಮಕ್ಕಳು ತಮ್ಮ ನಾಡನ್ನು ಎರಡು ದಿನ ನಿಂತು ನೋಡಬಹುದು! ಹೊರನಾಡಿನ ನಮ್ಮ ಸಂಘಗಳ ಮುಂದೆಯೂ ಒಂದು ಕೋರಿಕೆಯಿಡಬಹುದು. ಸಭಾಂಗಣ ಕಟ್ಟುವಾಗ ಅದರ ಮಹಡಿಯಲ್ಲಿ ಹತ್ತು ಹಾಸಿಗೆ, ಎರಡು ಸ್ನಾನದ ಮನೆ, ಒಂದು ಅಡುಗೆಯ ಒಲೆಗೂ ನಕ್ಷೆಯಲ್ಲಿ ಜಾಗ ಕೊಡಿ. ಸಂದರ್ಶನಕ್ಕೆಂದು ರಾಯಚೂರಿನಿಂದ ದೆಹಲಿಗೋ ಮುಂಬೈಗೋ ಒಬ್ಬಳೇ ಬರುವ ಹುಡುಗಿಗೆ ಅದು ನಾವು ಏರ್ಪಡಿಸುವ ಯಾವ ರಾಜ್ಯೋತ್ಸವಕ್ಕಿಂತಲೂ ಹೆಚ್ಚಿನ ಕನ್ನಡ ಸೇವೆಯಾಗಿ ಕಂಡೀತು.