ಗಾಜು ಏಳದಿದ್ದರೆ ಮೋಟಾರನ್ನೇ ಯಾಕೆ ಬೈಯಬೇಕು?

ನಮ್ಮ ಬಯಲುಸೀಮೆಯ ಹಳ್ಳಿಗಳಿಗೂ ಈಗ ಹಳೇ ಕಾರುಗಳು ಬಂದಿವೆ. ಪೇಟೆಯವರು ಹತ್ತು ಹದಿನೈದು ವರ್ಷ ಓಡಿಸಿ ಮಾರಿದ್ದನ್ನು ನಾವು ಕೊಳ್ಳುತ್ತೇವೆ. ಆಸ್ಪತ್ರೆಗೆ, ಸಂತೆಗೆ, ಮದುವೆಗೆ ಆಗ್ತದೆ, ಎರಡು ಚೀಲ ಗೊಬ್ಬರವೂ ಬರ್ತದೆ. ಇಂಜಿನ್ ಗಟ್ಟಿಯಾಗೇ ಇರ್ತದೆ. ಕೈಕೊಡುವುದು ಗುಂಡಿ ಒತ್ತಿದರೆ ಏರಿ ಇಳಿಯುವ ಬಾಗಿಲ ಗಾಜು. ಅದು ಅರ್ಧಕ್ಕೆ ನಿಂತರೆ ಮಳೆ, ಧೂಳು ಎಲ್ಲಾ ಒಳಗೆ. ಸಂತೆಯಲ್ಲಿ ಕಾರು ಬಿಟ್ಟು ಹೋಗುವಂತೆಯೂ ಇಲ್ಲ.

ಗ್ಯಾರೇಜಿನಲ್ಲಿ ಬಹಳ ಸಲ ಕೇಳುವುದು ಒಂದೇ ಮಾತು: "ಮೋಟಾರ್ ಹೋಗೈತೆ, ಪೂರಾ ಸೆಟ್ ಹಾಕ್ಬೇಕು." ನನಗೂ ಹೀಗೇ ಹೇಳಿ 3,500 ರೂಪಾಯಿ ಲೆಕ್ಕ ಕೊಟ್ಟಿದ್ದರು. ಒಂದೆಕರೆ ಶೇಂಗಾ ಬಿತ್ತುವ ಖರ್ಚಿನಲ್ಲಿ ಅದು ಸಣ್ಣ ಪಾಲಲ್ಲ. ಇದಕ್ಕೆ ನನ್ನ ತಕರಾರಿದೆ. ಬೋರ್‌ವೆಲ್ ನೀರು ಎತ್ತಲಿಲ್ಲ ಎಂದ ಕೂಡಲೇ ನಾವು ಪಂಪು ಮೇಲೆತ್ತಿಸುತ್ತೇವೆಯೇ? ಮೊದಲು ಫ್ಯೂಸು, ಆಮೇಲೆ ಸ್ಟಾರ್ಟರು, ಆಮೇಲೆ ಕೇಬಲ್ಲು. ಪಂಪು ಎತ್ತುವುದು ಕಟ್ಟಕಡೆಗೆ. ಕಾರಿನ ಬಾಗಿಲಿಗೂ ಇದೇ ಕ್ರಮ ಸಾಕು.

ಎಲ್ಲಾ ಗಾಜೂ ಒಟ್ಟಿಗೆ ನಿಂತಿದ್ದರೆ ಮೋಟಾರುಗಳೆಲ್ಲ ಒಂದೇ ದಿನ ಸತ್ತಿರುವುದಿಲ್ಲ, ಫ್ಯೂಸು ನೋಡಿ. ಚಾಲಕನದು ಬಿಟ್ಟು ಉಳಿದವು ಮಾತ್ರ ನಿಂತಿದ್ದರೆ, ಚಾಲಕನ ಬಾಗಿಲಲ್ಲಿ ಅವನ್ನು ಬಂದ್ ಮಾಡುವ ಗುಂಡಿ ಇರ್ತದೆ, ಮಕ್ಕಳು ಒತ್ತಿರಬಹುದು. ಒಂದೇ ಗಾಜು ನಿಂತಿದ್ದರೆ ಆ ಬಾಗಿಲ ಗುಂಡಿಯಿಂದಲೂ ಚಾಲಕನ ಕಡೆಯಿಂದಲೂ ಒತ್ತಿ. ಒಂದರಿಂದ ಎದ್ದು ಇನ್ನೊಂದರಿಂದ ಏಳದಿದ್ದರೆ ಮೋಟಾರು ಚೆನ್ನಾಗಿದೆ, ಗುಂಡಿಯೊಳಗಿನ ತಾಮ್ರ ಕಪ್ಪಗಾಗಿದೆ. ನಯವಾದ ಉಜ್ಜುಕಾಗದದಲ್ಲಿ ಹಗುರಾಗಿ ಉಜ್ಜಿದರೆ ಎಷ್ಟೋ ಸಲ ಸರಿಹೋಗ್ತದೆ.

ಬಾಗಿಲಿಗೂ ಕಾರಿನ ಮೈಗೂ ನಡುವೆ ಕಪ್ಪು ರಬ್ಬರ್ ಕೊಳವೆ ಇದೆ. ವರ್ಷಗಟ್ಟಲೆ ಬಾಗಿಲು ತೆಗೆದು ಹಾಕಿ ಅದರೊಳಗೆ ವೈರು ಕಡಿದಿರ್ತದೆ. ಗುಂಡಿ ಒತ್ತಿ ಹಿಡಿದು ಬಾಗಿಲನ್ನು ನಿಧಾನ ಆಡಿಸಿ. ಒಂದು ಜಾಗದಲ್ಲಿ ಗಾಜು ಎದ್ದು ಇನ್ನೊಂದರಲ್ಲಿ ನಿಂತರೆ ರೋಗ ಅಲ್ಲೇ ಇದೆ.

ನಮ್ಮ ಮಣ್ಣು ರಸ್ತೆಯಲ್ಲಿ ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ಧೂಳು. ಗಾಜು ಜಾರುವ ರಬ್ಬರ್ ಪಟ್ಟಿಯಲ್ಲಿ ಅದು ಕೂತು, ರಬ್ಬರು ಒಣಗಿ, ಗಾಜು ತುಂಬು ಬಸುರಿಯ ಹಾಗೆ ಏಳ್ತದೆ. ಮೋಟಾರು ಜಗ್ಗಿ ಜಗ್ಗಿ ಬಿಸಿಯಾಗಿ ತಾನೇ ನಿಲ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ತಿರುಗ್ತದೆ. ಒದ್ದೆ ಬಟ್ಟೆಯಲ್ಲಿ ಪಟ್ಟಿ ಒರೆಸಿ, ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಇಂಜಿನ್ ಆಯಿಲ್, ಗ್ರೀಸ್ ಬೇಡ. ಧೂಳು ಅಂಟಿ ಕೆಸರಾಗ್ತದೆ, ರಬ್ಬರೂ ಹಾಳು. ಬಾಗಿಲ ಅಡಿಯ ತೂತುಗಳ ಮಣ್ಣನ್ನೂ ಕಡ್ಡಿಯಿಂದ ಕೆದಕಿ, ಇಲ್ಲದಿದ್ದರೆ ಮಳೆನೀರು ಒಳಗೇ ನಿಲ್ತದೆ.

ಗುಂಡಿ ಒತ್ತಿದಾಗ ಗುರ್ ಎಂದು ತಿರುಗಿದ ಸದ್ದು ಬಂದು ಗಾಜು ಅಲುಗದಿದ್ದರೂ ಮೋಟಾರಿನ ತಪ್ಪಲ್ಲ. ಗಾಜು ಎಳೆಯುವ ತಂತಿ ಕಡಿದಿದೆ, ಇಲ್ಲವೇ ಪ್ಲಾಸ್ಟಿಕ್ ಹಿಡಿಕೆ ಮುರಿದಿದೆ. ಬಿಚ್ಚುವ ಮುಂಚೆ ಗಾಜಿಗೆ ಮರದ ಚಕ್ಕೆ ಕೊಟ್ಟು ಅಂಟುಪಟ್ಟಿ ಸುತ್ತಿ, ಕೆಳಗೆ ಬಿದ್ದರೆ ಗಾಜಿನ ದುಡ್ಡೂ ಹೋಯ್ತು, ಬೆರಳೂ ಹೋದೀತು.

ನನಗೆ ಸಿಟ್ಟು ಬರುವುದು ಇಲ್ಲೇ. ಬೆರಳುದ್ದದ ಪ್ಲಾಸ್ಟಿಕ್ಕಿಗೆ ಪೂರಾ ಸೆಟ್ ಕೊಳ್ಳಿ ಅಂತಾರೆ. ನೇಗಿಲ ಕುಳ ಸವೆದರೆ ನೇಗಿಲನ್ನೇ ಬದಲಿಸುವವರುಂಟೇ? 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತ್ತು. ಬಿಡಿಭಾಗ, ರಿಪೇರಿ ಮಾಹಿತಿ ಹೊರಗಿನ ಗ್ಯಾರೇಜಿಗೆ ಸಿಗದಂತೆ ಮಾಡಿದ್ದಕ್ಕೆ. ಕೆಲವು ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಜುಲೈಯಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿಗೆಂದು ಸಮಿತಿ ಮಾಡಿತು. ಅದರ ಪಟ್ಟಿಯಲ್ಲಿ ವಾಹನದ ಜೊತೆ ಕೃಷಿ ಯಂತ್ರವೂ ಇದೆ. ಕಾಗದದ ಮೇಲಿನ ಹಕ್ಕು ನಮ್ಮ ತಾಲ್ಲೂಕಿನ ಅಂಗಡಿ ಕಪಾಟಿಗೆ ಬರಬೇಕಲ್ಲ? ಇವತ್ತು ಗಾಜಿನ ತಂತಿ, ನಾಳೆ ಟಿಲ್ಲರ್, ಪವರ್ ಸ್ಪ್ರೇಯರ್‌ಗೂ ಇದೇ ಕಥೆ.

ಬರೀ ತಂತಿ, ಹಿಡಿಕೆ ಬಿಡಿಯಾಗಿ ಮಾರುವ ಅಂಗಡಿ, ಹಳೇ ಮೋಟಾರಿಗೆ ಬ್ರಷ್ ಹಾಕಿಕೊಡುವ ಮೆಕ್ಯಾನಿಕ್ ನಿಮ್ಮೂರಲ್ಲಿದ್ದರೆ ಅವರನ್ನು ಕೇಳಿ, ಕಾರಿನ ಹೆಸರು, ಕೊಟ್ಟ ದುಡ್ಡು ಸಮೇತ ಪತ್ರಿಕೆಗೆ ಬರೆಯಿರಿ.